ಕಣಕ್ಕೆ ಕ್ಯಾಮರಾ: ಕೊಳ್ಳುವ ಮುಂಚೆ ಇಷ್ಟು ಕೇಳಿ

ನಮ್ಮ ಹಡಗಲಿ ತಾಲೂಕಿನ ಮೈಲಾರ ಜಾತ್ರೆಯ ಓಡಾಟದಾಗ ಐದು ದಿನ ಕಣದ ಕಡೆ ಹೋಗಿರಲಿಲ್ಲ. ಹೋಗಿ ನೋಡಿದರೆ ನಾಲ್ಕು ಚೀಲ ಮೆಕ್ಕೆಜೋಳ ಮಾಯ. ನೆಟ್‌ವರ್ಕ್ ಕ್ಯಾಮರಾ ಹಾಕಿಸಿದ್ದೆ, ಕಳ್ಳ ಸಿಕ್ಕ ಅಂದುಕೊಂಡೆ. ಕಾರ್ಡಿನಾಗ ಕಡೆಯ ಮೂರು ದಿನದ ಚಿತ್ರವಷ್ಟೇ ಇತ್ತು. ಕಳುವಾದದ್ದು ಅದಕ್ಕೂ ಮುಂಚೆ. ಆ ಚಿತ್ರ ಅಳಿಸಿ ಹೊಸದು ಕೂತಿತ್ತು.

ಆಮೇಲೆ ಲೆಕ್ಕ ತಿಳಿಯಿತು. ಕ್ಯಾಮರಾ ಎಚ್.264 ಎಂಬ ಹಳೆಯ ಮಾದರಿಯಲ್ಲಿ, ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಚಿತ್ರ ತುಂಬುತ್ತಿತ್ತು. ಅಂದರೆ ದಿನಕ್ಕೆ 21.6 ಜಿಬಿ. 64 ಜಿಬಿ ಕಾರ್ಡು ಮೂರು ದಿನದೊಳಗೆ ತುಂಬಿತು. ಎಚ್.265 ಮಾದರಿಗೆ ಅದೇ ಚಿತ್ರ ಇಡಲು ಹೆಚ್ಚುಕಡಿಮೆ ಅರ್ಧ ಜಾಗ ಸಾಕು. ಈಗ ಅದನ್ನೇ ಆರಿಸಿ, ಬಿಟ್‌ರೇಟ್ 1 ಮೆಗಾಬಿಟ್‌ಗೆ ಇಳಿಸಿದ್ದೇನೆ. ಅದೇ ಕಾರ್ಡಿಗೆ ಐದು ದಿನಕ್ಕೂ ಮೀರಿ ಚಿತ್ರ ಉಳಿಯುತ್ತದೆ.

ನೀವು ಕೊಳ್ಳುವಾಗ ಎಚ್.265 ಇದೆಯೇ, ನಿಮ್ಮ ಫೋನಿನಲ್ಲಿ ಅದು ಓಡುತ್ತದೆಯೇ ಅಂತ ಅಂಗಡಿಯಲ್ಲೇ ಹಚ್ಚಿಸಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಕ್ಯಾಮರಾದಾಗೂ 50 ಇಡಿಸಿ. 60 ಇದ್ದರೆ ರಾತ್ರಿ ದೀಪದ ಬೆಳಕಿಗೆ ಚಿತ್ರ ಮಿಣುಕಬಹುದು. ಎಷ್ಟು ದಿನದ ಚಿತ್ರ ಉಳಿಯುತ್ತದೆಂದು ಲೆಕ್ಕ ಹಾಕಿಸಿಯೇ ದುಡ್ಡು ಕೊಡಿ. ನಾಲ್ಕು ಚೀಲ ಕಳೆದುಕೊಂಡು ನಾನು ಕಲಿತೆ, ನಿಮಗೆ ಹಂಗಾಗುವುದು ಬೇಡ.