ಎರಡನೆಯ ಕೊಡದ ನೀರು

ಅದ್ಭುತ ಕಥೆಗಳು ಮಕ್ಕಳನ್ನು ಮಲಗಿಸುವುದಕ್ಕಷ್ಟೇ ಸರಿ, ಪ್ರಬುದ್ಧರಿಗೆ ಅವುಗಳಿಂದ ಆಗಬೇಕಾದುದೇನು ಎಂದು ಕೇಳುವ ಹಿರಿಯರು ನಮ್ಮ ಸಮಾಜದಲ್ಲಿ ಉಂಟು. ಅವರ ಮುಂದೆ ನಾವು ಒಂದೇ ಕಥೆಯನ್ನಿಡಲು ಬಯಸುತ್ತೇವೆ.

ಹೂಗಿಡವಾಗುವ ಹುಡುಗಿಯ ಕಥೆ ಕನ್ನಡ ನಾಡಿನ ಹೆಣ್ಣುಮಕ್ಕಳ ಬಾಯಿಂದ ಬಾಯಿಗೆ ಹರಿದುಬಂದುದು. 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿ ಶರಣರ ವಾಣಿಯನ್ನು ಹೊರನಾಡುಗಳಿಗೆ ಮುಟ್ಟಿಸಿದ ಎ. ಕೆ. ರಾಮಾನುಜನ್ನರೇ ಇದನ್ನೂ ಸಂಗ್ರಹಿಸಿ ಅನುವಾದಿಸಿದರು. ಅವರು 1993ರಲ್ಲಿ ತೀರಿಕೊಂಡರು. ಈ ಕಥೆಯ ಹೆಸರನ್ನೇ ಹೊತ್ತ ಅವರ ಸಂಗ್ರಹವು 1997ರಲ್ಲಿ ಅಚ್ಚಾಯಿತು. ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರಕ್ಕೂ ಇದೇ ಆಧಾರ.

ಬಡತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ದೇವರನ್ನು ಧ್ಯಾನಿಸುತ್ತ ಕುಳಿತಾಗ ಒಂದು ಕೊಡ ನೀರು ಮೈಮೇಲೆ ಸುರಿದರೆ ಹೂಬಿಟ್ಟ ಗಿಡವಾಗುವಳು. ಎರಡನೆಯ ಕೊಡ ಸುರಿದರೆ ಮತ್ತೆ ಹೆಣ್ಣಾಗುವಳು. ನಡುವೆ ಅವಳದೊಂದೇ ಬೇಡಿಕೆ: ಹೂ ಕೊಯ್ಯುವಾಗ ಚಿಗುರು ಮುರಿಯಬಾರದು, ಎಲೆ ಹರಿಯಬಾರದು. ಅಕ್ಕ ಹಾಗೆಯೇ ನಡೆದುಕೊಂಡಳು. ಮುಂದೆ ರಾಜಕುಮಾರನು ಅವಳನ್ನು ವರಿಸಿದನು. (ಅವನೂ ಮೊದಲು ಹೂವಿಗೇ ಆಸೆಪಟ್ಟವನು, ಕಥೆ ಇದನ್ನು ಮುಚ್ಚಿಡುವುದಿಲ್ಲ.) ನಾದಿನಿ ಮತ್ತು ಅವಳ ಗೆಳತಿಯರ ಹಠಕ್ಕೆ ಮಣಿದು ಒಂದು ದಿನ ತೋಟದಲ್ಲಿ ಗಿಡವಾದಳು. ಅವರು ಕೊಂಬೆಗಳನ್ನು ಮುರಿದರು, ಎರಡನೆಯ ಕೊಡವನ್ನು ಬೇಕಾಬಿಟ್ಟಿ ಚೆಲ್ಲಿ ಓಡಿದರು. ಕೈಕಾಲಿಲ್ಲದೆ, ಗಿಡವೂ ಅಲ್ಲ ಹೆಣ್ಣೂ ಅಲ್ಲವೆಂಬಂತೆ ಅವಳು ಉಳಿದಳು. ಬಹುಕಾಲದ ಅಲೆದಾಟದ ಬಳಿಕ ಗಂಡನು ಅವಳನ್ನು ಕಂಡು, ಮತ್ತೆ ಗಿಡವಾಗಿಸಿ, ಮುರಿದ ಕೊಂಬೆಗಳನ್ನು ಜೋಡಿಸಿ, ನೀರೆರೆದು ಹೆಣ್ಣಾಗಿಸಿದನು.

ಸುಖಾಂತವೇ ಸರಿ. ಆದರೂ ಪುಸ್ತಕ ಮುಚ್ಚಿದ ಮೇಲೆ ನಮ್ಮ ಬೆನ್ನುಹತ್ತಿ ಬರುವವಳು ಅರಮನೆಯ ರಾಣಿಯಲ್ಲ, ತೋಟದಲ್ಲಿ ಬಿದ್ದ ಆ ಅರೆಜೀವ. ಮುರಿದುದನ್ನು ಕೂಡಿಸುವ ನೀರು ಕಥೆಯ ಬಾವಿಯಲ್ಲಿ ಉಂಟು, ನಮ್ಮ ಊರಿನ ಬಾವಿಯಲ್ಲಿಲ್ಲ. ಓದಿದವರ ಎದೆಯಲ್ಲಿ ಉಳಿಯುವ ಹಳಹಳಿ ಈ ಅಂತರದ್ದೆಂದು ನಮಗೆ ತೋರುತ್ತದೆ. ಇದನ್ನು ಹೇಳುತ್ತ ಬಂದ ಅಜ್ಜಿಯರೂ ಒಂದು ಕಾಲಕ್ಕೆ ಸೊಸೆಯರಾಗಿ ಪರಮನೆ ಹೊಕ್ಕವರೇ. ಅಲ್ಲಿ ಎಷ್ಟು ಕೊಂಬೆ ಮುರಿದವೆಂಬುದನ್ನು ನೇರವಾಗಿ ಹೇಳಲಾಗದೆ, ಗಿಡದ ಕಥೆ ಹೇಳಿರಬೇಕು. ಮನೆಗೆ ಸೊಸೆಯನ್ನು ತಂದುಕೊಂಡವರು ಇದನ್ನೊಮ್ಮೆ ಓದಿ ನೋಡಲಿ.

ಇಷ್ಟಲಿಂಗ ಪೂಜೆಗೆ ಹೂ ಎತ್ತುವ ಕ್ರಮವನ್ನು ಮಠದಲ್ಲಿ ಗುರುಗಳು ನಮಗೆ ಕಲಿಸಿದ್ದರು. ಕೊಯ್ಯುವ ಮುನ್ನ ಕೈ ಕ್ಷಣಕಾಲ ಅಳುಕುವುದನ್ನು ಕಲಿಸಿದ್ದು ಈ ಕಥೆ. ಈಗ ಹಿತ್ತಲಿನ ಕಣಗಿಲೆಯಿಂದ ಹೂ ಎತ್ತಿದ ಮೇಲೆ ಅದರ ಬುಡಕ್ಕೊಂದು ತಂಬಿಗೆ ನೀರೆರೆದೇ ಒಳಗೆ ಬರುತ್ತೇವೆ.