‘ತೆಗಿ’ ಅಂದ್ರೆ ಯಾವ ತೆಗಿ, ಮಾವ?

ಬೇಸಿಗೆ ರಜೆಯಲ್ಲಿ ಹೋಳೂರಿನ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗ ಫೋನ್ ಹಿಡಿದು ಓಡಿ ಬಂದ. ಎಂಟನೇ ಕ್ಲಾಸ್ ಮುಗಿಸಿದ ಹುಡುಗ. ಆನ್‌ಲೈನ್ ಗೇಮ್ ಅಂಗಡಿಯೊಂದರಲ್ಲಿ ತನಗೆ ಬೇಕಾದ ಆಟಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿಟ್ಟುಕೊಂಡಿದ್ದ. ಬೆಲೆ ಇಳಿದಾಗ ಅಪ್ಪನನ್ನು ಕೇಳಬಹುದಲ್ಲ ಎಂಬ ಆಸೆ. ಪ್ರತಿ ಸಾಲಿನ ಬಲತುದಿಯಲ್ಲಿ ಒಂದು ಪುಟ್ಟ ಬಟನ್, ಅದರ ಮೇಲೆ ‘ತೆಗೆ...’ ಎಂಬ ಅಕ್ಷರ. ಆಟದ ವಿವರ ನೋಡೋಣ ಅಂತ ಒತ್ತಿದ್ದಾನೆ. ಸಾಲೇ ಮಾಯ. ಕೆಳಗಿನ ಸಾಲು ಸರಕ್ಕನೆ ಅದೇ ಜಾಗಕ್ಕೆ ಏರಿದೆ. ಬೆರಳು ಸರಿಯಾಗಿ ತಾಗಲಿಲ್ಲವೇನೋ ಅಂದುಕೊಂಡು ಮತ್ತೆ ಒತ್ತಿದ್ದಾನೆ. ಅದೂ ಹೋಯಿತು. ಮೂರನೆಯದು ಹೋದ ಮೇಲೆ ಗಾಬರಿಬಿದ್ದು ನನ್ನ ಹತ್ತಿರ ಬಂದಿದ್ದ.

‘ಮಾವ, ಇಲ್ಲಿ ತೆಗಿ ಅಂದ್ರೆ ಯಾವ ತೆಗಿ?’

ಅಲ್ಲಿ ಇರಬೇಕಾಗಿದ್ದ ಪೂರ್ತಿ ಪದ ‘ತೆಗೆದುಹಾಕಿ’. ಬಟನ್‌ನ ಅಗಲ ಸಾಲದೆ ಪದದ ಬಾಲ ಕತ್ತರಿಸಿಹೋಗಿತ್ತು. ಉಳಿದ ಅರ್ಧ ನಮ್ಮ ಕಡೆ ತದ್ವಿರುದ್ಧ ಅರ್ಥ ಕೊಡುತ್ತದೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಬಾಗಿಲನ್ನು ಯಾರೂ ‘ತೆರೆ’ಯುವುದಿಲ್ಲ, ‘ಬಾಗಿಲು ತೆಗಿ’ ಅಂತಾರೆ. ದಾರಿಗೆ ಅಡ್ಡ ಇರುವ ಕಲ್ಲನ್ನೂ ತೆಗಿ, ಫೋಟೊನೂ ತೆಗಿ. ಅಂಗಡಿಯಲ್ಲಿ ಕೊಳ್ಳುವುದಾದರೆ ‘ತಗೊ’. ಇನ್ನು ತೆಲುಗು ಮನೆಮಾತಿನವರಿಗೂ ಇದೇ ಕಥೆ: ಬಾಗಿಲಿಗೆ ‘ತೀಯ್’, ಬೇಡವಾದದ್ದಕ್ಕೆ ‘ತೀಸೇಯ್’, ಬೇಕಾದದ್ದಕ್ಕೆ ‘ತೀಸ್ಕೋ’. ಎರಡು ಭಾಷೆಯಲ್ಲೂ ಪದದ ಬಾಲದಲ್ಲೇ ಪೂರ್ತಿ ಅರ್ಥ ಕೂತಿದೆ. ಬಟನ್ ಕತ್ತರಿಸುವುದು ಆ ಬಾಲವನ್ನೇ.

ಪಟ್ಟಿಯ ಸಾಲಿನಲ್ಲೇ ಕೂತಿರುವ ಇಂಥ ಬಟನ್‌ಗಳ ಉದ್ದೇಶ ಒಳ್ಳೆಯದು. ಪ್ರತಿ ಆಟದ ಪುಟಕ್ಕೆ ಹೋಗಿ, ಕೆಲಸ ಮುಗಿಸಿ, ಹಿಂದಕ್ಕೆ ಬಂದು, ನಿಂತಿದ್ದ ಜಾಗ ಹುಡುಕುವ ಕಷ್ಟ ತಪ್ಪಬೇಕು. ಬೇಕು, ಬೇಡ, ಆಮೇಲೆ ನೋಡೋಣ ಎಂಬ ಮೂರು ತೀರ್ಮಾನ ಅಲ್ಲೇ ಆಗಬೇಕು. 2003ರಲ್ಲಿ ಶುರುವಾದ ‘ಸ್ಟೀಮ್’ ಅಂಗಡಿ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಬಯಕೆಪಟ್ಟಿಗೆ ಸೇರಿಸುವ ಬಟನ್‌ನಷ್ಟೇ ಸಲೀಸಾಗಿ ‘ನನಗೆ ಇದು ಬೇಡ’ ಎನ್ನುವ ಬಟನ್ ಕೂಡ ಅಲ್ಲಿ ಕೈಗೆ ಸಿಗುತ್ತದೆ. ಪಟ್ಟಿಯಲ್ಲಿರುವ ಆಟದ ಬೆಲೆ ಶೇ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಇಮೇಲ್ ಬರುತ್ತದೆ. 2015ರ ಕೊನೆಯಲ್ಲಿ ಅಲ್ಲಿ ಬೆಲೆಗಳು ರೂಪಾಯಿಯಲ್ಲಿ ಕಾಣಿಸಿಕೊಂಡ ಮೇಲೆ ನಮ್ಮ ಹುಡುಗರಿಗೆ ಪಟ್ಟಿ ಕಟ್ಟಿಟ್ಟು ಕಾಯುವುದು ಇನ್ನಷ್ಟು ಅರ್ಥಪೂರ್ಣವಾಯಿತು. ಅಂದಮೇಲೆ ಪಟ್ಟಿಯೂ ಒಂದು ಉಳಿತಾಯವೇ. ಕೈತಪ್ಪಿನಿಂದ ಅದು ಅಳಿಯಬಾರದು.

ಅಳಿಯದಂತೆ ಮಾಡುವುದು ಕಷ್ಟವೇನಲ್ಲ. ಸಾಲನ್ನು ಒಮ್ಮೆಲೇ ಮಾಯ ಮಾಡುವ ಬದಲು ಅದೇ ಜಾಗದಲ್ಲಿ ಮಂಕಾಗಿಸಿ, ಪಕ್ಕದಲ್ಲಿ ‘ವಾಪಸ್ ಸೇರಿಸಿ’ ಎಂದು ತೋರಿಸಬೇಕು. ಪುಟ ಬಿಟ್ಟು ಹೋಗುವವರೆಗೂ ಉಳಿದ ಸಾಲುಗಳು ಕದಲಬಾರದು. ಆಗ ಎರಡನೇ ಸಲ ಒತ್ತಿದ ಬೆರಳು ಇನ್ನೊಂದು ಆಟದ ಮೇಲೆ ಬೀಳುವುದಿಲ್ಲ. ‘ಖಚಿತವೇ?’ ಎಂದು ಪ್ರತಿ ಸಲ ಕೇಳುವ ಪೆಟ್ಟಿಗೆ ನನಗೆ ಹಿಡಿಸುವುದಿಲ್ಲ. ನಾಲ್ಕು ಸಲ ಕೇಳಿದ ಮೇಲೆ ಯಾರೂ ಓದುವುದಿಲ್ಲ, ಕೈ ತಾನಾಗಿ ‘ಹೌದು’ ಒತ್ತಿಬಿಡುತ್ತದೆ. ಕೇಳುವುದಕ್ಕಿಂತ ತಪ್ಪಿದ್ದನ್ನು ವಾಪಸ್ ತರಲು ಬಿಡುವುದು ಮೇಲು.

ಅಳತೆಯ ವಿಷಯ ಬೇರೆ ಇದೆ. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಕೈಗೆ ಹೊತ್ತು ಹಿಡಿಯುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಂಡ್ರಾಯ್ಡ್‌ಗಾಗಿ ಗೂಗಲ್ ಸೂಚಿಸುವ ಅಳತೆಯ ಪ್ರಕಾರ ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಇರಬೇಕು. ನಮ್ಮ ಭಾವ ಟೊಮೆಟೊ ಗಿಡ ಕಟ್ಟಿ ತೋಟದಿಂದ ಬಂದಾಗ ಅವರ ಬೆರಳ ತುಂಬ ಆ ಕಪ್ಪುಹಸಿರು ಅಂಟು. ಎರಡು ಸಲ ಸೋಪು ಹಾಕಿ ತೊಳೆದರೂ ಗೆರೆಗಳಲ್ಲಿ ಉಳಿದಿರುತ್ತದೆ. ಆ ಹೆಬ್ಬೆರಳಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರು ಬಟನ್‌ಗಳಲ್ಲಿ ನಡುವಿನದನ್ನು ಒತ್ತಿ ನೋಡಿ ಅಂದೆ. ಮೂರು ಸಲದಲ್ಲಿ ಎರಡು ಸಲ ಪಕ್ಕದ್ದು ಒತ್ತಿತು. ‘ನನ್ನ ಕೈಯೇ ಸರಿಯಿಲ್ಲ ಬಿಡಪ್ಪ’ ಅಂದರು. ಕೋಲಾರದ ಮಂಡಿಗೆ ಬಾಕ್ಸ್‌ಗಟ್ಟಲೆ ಹಣ್ಣು ಕಳಿಸುವ ಕೈ ಅದು. ಸರಿಯಿಲ್ಲದ್ದು ಬಟನ್.

ದುಡ್ಡಿನ ಬಟನ್‌ಗೆ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಸಲೀಸು ಕಡಿಮೆಯಿದ್ದರೇ ಒಳ್ಳೆಯದು. ಒಂದೇ ಒತ್ತಿಗೆ ಖರೀದಿ ಮುಗಿಸುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಪೇಟೆಂಟ್ ಪಡೆದಿತ್ತು. 2017ರಲ್ಲಿ ಅದರ ಅವಧಿ ಮುಗಿಯಿತು. ಅಂಥ ಸಲೀಸು ಆಟದೊಳಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ‘ಫೋರ್ಟ್‌ನೈಟ್’ ಸಾಕ್ಷಿ. ನಿದ್ದೆಗೆ ಜಾರಿದ ಆಟವನ್ನು ಎಬ್ಬಿಸಲು ಹೋಗಿ, ಲೋಡ್ ಆಗುತ್ತಿರುವಾಗ, ಅಥವಾ ವಸ್ತುವೊಂದನ್ನು ಸುಮ್ಮನೆ ನೋಡುತ್ತ ಪಕ್ಕದ ಬಟನ್ ಒತ್ತಿ ಜನ ದುಡ್ಡು ಕಳೆದುಕೊಂಡರು ಎಂಬುದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಆರೋಪವಾಗಿತ್ತು. 2022ರ ಡಿಸೆಂಬರ್‌ನಲ್ಲಿ ಎಪಿಕ್ ಗೇಮ್ಸ್ ಕಂಪನಿ ಇದಕ್ಕಾಗಿ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ಬಟನ್ ಎಲ್ಲಿದೆ, ಹೇಗಿದೆ ಎಂಬುದಕ್ಕೆ ಅಷ್ಟು ಬೆಲೆ.

ನಮ್ಮಲ್ಲಿ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ರಿಸರ್ವ್ ಬ್ಯಾಂಕ್ ಎರಡನೇ ದೃಢೀಕರಣ ಕಡ್ಡಾಯ ಮಾಡಿತು. ಆ ಓಟಿಪಿ, ಯುಪಿಐ ಪಿನ್ ಎಷ್ಟೋ ಮನೆಗಳ ದುಡ್ಡು ಕಾದಿವೆ. ಆದರೆ ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಬೇಕಿಲ್ಲ. ಆಟದೊಳಗೆ ಮಾರುವ ವಸ್ತುಗಳಲ್ಲಿ ಎಷ್ಟೋ ಸಣ್ಣ ಮೊತ್ತದವೇ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿದೆ. ಹೇಳದೆ ಕೇಳದೆ ಬುಟ್ಟಿಗೆ ವಸ್ತು ಸೇರಿಸುವುದು ಅದರಲ್ಲೊಂದು. ನನ್ನ ಕೇಳಿಕೆ ಇಷ್ಟೇ: ‘ಖರೀದಿ’ ಬಟನ್ ಪಟ್ಟಿಯ ಸಾಲಿನಲ್ಲಿ ಇರಲೇಬಾರದು. ಅದಕ್ಕೆ ಆಟದ ಪುಟಕ್ಕೇ ಹೋಗಲಿ.

ಕನ್ನಡದ ಮಾತಿಗೆ ಬಂದರೆ ಇನ್ನೂ ಒಂದು ಸಂಕಟವಿದೆ. ‘ಉಳಿಸಿ’, ‘ಅಳಿಸಿ’ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು, ಅಕ್ಷರ ಸಣ್ಣದು ಮಾಡಿ ನೋಡಿ. ಮೊದಲ ಅಕ್ಷರವೊಂದನ್ನು ಬಿಟ್ಟರೆ ಎರಡೂ ಒಂದೇ. ಅರ್ಥ ಮಾತ್ರ ಆಕಾಶ ಭೂಮಿ. ಇಂಗ್ಲಿಷ್ ಪದದ ಅಳತೆಗೆ ಕೊಯ್ದ ಬಟನ್‌ನಲ್ಲಿ ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗವಿರುವುದಿಲ್ಲ. ‘ಪಟ್ಟಿ’ಯ ಒತ್ತು ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಮೊದಲು ಕನ್ನಡದ ಪದ ಬರೆದು, ಅದಕ್ಕೆ ತಕ್ಕಂತೆ ಬಟನ್ ಮಾಡಿ. ‘ಅಳಿಸಿ’ ಬದಲು ‘ಬೇಡ’ ಅನ್ನಿ. ಎರಡೇ ಅಕ್ಷರ; ಹೋಳೂರಿನ ಅಜ್ಜಿಗೂ ಅರ್ಥವಾಗುತ್ತದೆ. ‘ಉಳಿಸಿ’ ಜಾಗದಲ್ಲಿ ‘ಬೇಕು’. ಈ ಪದಗಳನ್ನು ಆರಿಸುವವರು ಬೆಂಗಳೂರಿನ ಆಫೀಸಿನಿಂದ ಒಂದು ದಿನ ಇತ್ತ ಬಂದು, ಜಗಲಿ ಮೇಲೆ ಕೂತ ನಾಲ್ಕು ಜನರ ಕೈಗೆ ಫೋನ್ ಕೊಟ್ಟು ನೋಡಲಿ.

ಆ ಸಂಜೆ ನಾನೂ ಹುಡುಗನೂ ಕೂತು ಪಟ್ಟಿ ಮತ್ತೆ ಕಟ್ಟಿದೆವು. ಹೋದ ಮೂರರಲ್ಲಿ ಎರಡರ ಹೆಸರು ಅವನಿಗೆ ನೆನಪಿತ್ತು. ಮೂರನೆಯದಕ್ಕೆ ಚಿತ್ರವಷ್ಟೇ ನೆನಪು: ಮಳೆಯಲ್ಲಿ ಒಂದು ದೋಣಿ, ಅದರೊಳಗೆ ಲಾಟೀನು ಹಿಡಿದ ಹುಡುಗಿ. ದೀಪ ಹಚ್ಚುವ ಹೊತ್ತಿನವರೆಗೂ ಹುಡುಕಿದೆವು, ಸಿಗಲಿಲ್ಲ.