ಚೀಲದ ಮೇಲಿನ ಮೂರು ಅಂಕಿಗಳು

ಕಲಬುರಗಿ ಸೀಮೆಯಲ್ಲಿ ಎಳ್ಳಮಾವಾಸ್ಯೆಯೆಂದರೆ ಊರು ಬರಿದಾಗಿ ಹೊಲ ತುಂಬುವ ದಿನ. ಭಜ್ಜಿ ಪಲ್ಯ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಮರದ ನೆರಳಿನಲ್ಲಿ ಕುಳಿತು ಉಣ್ಣುವುದು ನಮ್ಮ ಕಡೆಯ ವಾಡಿಕೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಅಮಾವಾಸ್ಯೆಯಂದು ನಾವು ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು, ಕಮಲಾಪುರದಲ್ಲಿರುವ ನಮ್ಮ ಕಾಕಾ ಅವರ ಹೊಲಕ್ಕೆ ಹೋಗಿದ್ದೆವು.

ಎರೆಹೊಲದಲ್ಲಿ ತೊಗರಿ ಆಳೆತ್ತರ ಬೆಳೆದು ನಿಂತಿತ್ತು. ಪಟ್ಟಣದವನಾದ ನನ್ನ ಕಣ್ಣಿಗೆ ಅದು ಸಮೃದ್ಧಿಯಾಗಿಯೇ ಕಂಡಿತು.

“ಈ ಸಲ ಬೆಳಿ ಭಾಳ ಛಲೋ ಬಂದದಲ್ರೀ ಕಾಕಾ” ಎಂದೆ.

ಕಾಕಾ ಒಂದು ಗಿಡವನ್ನು ಬಗ್ಗಿಸಿ ಹಿಡಿದರು. “ಕಟಗಿ ಛಲೋ ಬಂದದ ತಮ್ಮಾ. ಕಾಯಿ ಎಲ್ಲದ, ನೀನೇ ಹುಡುಕು.”

ಹುಡುಕಿದೆ. ಕೊಂಬೆಗೆ ನಾಲ್ಕಾರು ಕಾಯಿ, ಅದರಲ್ಲಿಯೂ ಅರ್ಧ ಜೊಳ್ಳು. ಕೆಳಗಿನ ಕೆಂಪು ಮಣ್ಣಿನ ತೋಟಕ್ಕಿಳಿದರೆ ಅಲ್ಲಿ ಬೇರೊಂದು ದುಃಖ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ನಮ್ಮ ಭಾಗದ ಹೆಮ್ಮೆ. ಆದರೆ ಕಾಕಾ ಅವರ ಗಿಡಗಳ ಹಳೆಯ ಎಲೆಗಳು ಅಂಚಿನುದ್ದಕ್ಕೂ ಬೆಂಕಿ ತಾಗಿದಂತೆ ಕರಕಾಗಿದ್ದವು, ಗೊನೆಗಳು ಬಡಕಲಾಗಿದ್ದವು. ಮೇಲಿನ ಹೊಲಕ್ಕೆ ಏನು ಗೊಬ್ಬರ, ಕೆಳಗಿನ ತೋಟಕ್ಕೆ ಏನು ಎಂದು ಕೇಳಿದೆ. “ಎರಡಕ್ಕೂ ಒಂದೇ. ಅಂಗಡ್ಯಾವ ಕೊಟ್ಟಿದ್ದು ತಂದೆ. ಉದ್ರಿ ತರಾವ ಅದು ಬ್ಯಾಡ, ಇದು ಕೊಡು ಅಂತ ಹ್ಯಾಂಗ ಅನ್ಲಿ?” ಎಂದರು. ಆ ವರ್ಷ ಅವರ ಮಗಳು, ನನ್ನ ತಂಗಿ, ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳು. ಶುಲ್ಕಕ್ಕೆಂದು ಎಣಿಸಿದ್ದ ಹಣವೆಲ್ಲ ಆ ಬರಿಯ ಕಟ್ಟಿಗೆಯಲ್ಲಿ ನಿಂತಿತ್ತು.

ಕನ್ನಡ ಪಾಠ ಹೇಳುವ ನನಗೆ ಗೊಬ್ಬರದ ವಿದ್ಯೆ ತಿಳಿಯದು. ಆದರೆ ಓದುವುದು ನನ್ನ ಕಸುಬು. ಕಾಕಾ ಅವರ ಪಡಸಾಲೆಯಲ್ಲಿ ಮಡಿಚಿಟ್ಟಿದ್ದ ಖಾಲಿ ಚೀಲಗಳನ್ನು ಬಿಡಿಸಿ ಅವುಗಳ ಮೇಲಿನ ಬರಹವನ್ನು ಓದತೊಡಗಿದೆ. ಅರ್ಥವಾಗದುದನ್ನು ಕೃಷಿ ಬಲ್ಲವರ ಬಳಿ ಕೇಳಿ ತಿಳಿದೆ. ಹಾಗೆ ತಿಳಿದುದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಪೇಟೆಯ ಮನೆಗಳಲ್ಲಿಯೂ ಹಳ್ಳಿಯ ನಂಟು ಪೂರ್ತಿ ಕಡಿದುಹೋದವರು ವಿರಳವಲ್ಲವೆ?

ಅಂಕಿಗಳ ಅರ್ಥ

2022ರಿಂದೀಚೆಗೆ ಸಹಾಯಧನದ ರಸಗೊಬ್ಬರಗಳೆಲ್ಲ ‘ಭಾರತ್’ ಎಂಬ ಒಂದೇ ಹೆಸರಿನಲ್ಲಿ ಬರುತ್ತಿರುವುದರಿಂದ ಚೀಲಗಳು ಒಡಹುಟ್ಟಿದವರಂತೆ ಕಾಣುತ್ತವೆ. ಆದುದರಿಂದ ನೋಡಬೇಕಾದುದು ಹೆಸರನ್ನಲ್ಲ, ಅಂಕಿಗಳನ್ನು. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ನೂರು ಕಿಲೋದಲ್ಲಿ ಯಾವುದು ಎಷ್ಟು ಎಂಬ ಲೆಕ್ಕ. ನಾಲ್ಕನೆಯ ಅಂಕಿ ಇದ್ದರೆ ಅದು ಸಾಮಾನ್ಯವಾಗಿ ಗಂಧಕ. ಡಿಎಪಿ ಎಂದರೆ 18:46:0. ಅದರ 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ; ಪೊಟ್ಯಾಷ್ ಸೊನ್ನೆ. 10:26:26ರ ಚೀಲದಲ್ಲಿ ಸಾರಜನಕ 5 ಕಿಲೋ, ಉಳಿದೆರಡು 13 ಕಿಲೋ. ಯೂರಿಯಾದಲ್ಲಿ ಇರುವುದು ಸಾರಜನಕವೊಂದೇ, ನೂರಕ್ಕೆ 46. 45 ಕಿಲೋ ಚೀಲಕ್ಕೆ ಸುಮಾರು 20 ಕಿಲೋ.

ಸಾರಜನಕ ಎಲೆ, ಕಾಂಡಗಳನ್ನು ಬೆಳೆಸುತ್ತದೆ. ರಂಜಕ ಬೇರಿಗೂ ಕಾಳಿಗೂ ಬಲ. ಪೊಟ್ಯಾಷ್ ಹಣ್ಣಿನ ತೂಕಕ್ಕೂ ರೋಗ, ಬರಗಳನ್ನು ತಾಳುವ ಕಸುವಿಗೂ ಬೇಕು. ಗಂಧಕ, ಸತು, ಕಬ್ಬಿಣ, ಬೋರಾನುಗಳು ಕಡಿಮೆ ಪ್ರಮಾಣದಲ್ಲಿ ಬೇಕಾದರೂ ಇಲ್ಲದಿದ್ದರೆ ನಡೆಯದು. ಯಾವ ಪೋಷಕಾಂಶ ಅತ್ಯಂತ ಕಡಿಮೆಯಿದೆಯೋ ಬೆಳೆಯ ಮಿತಿಯನ್ನು ಅದೇ ಗೊತ್ತುಮಾಡುತ್ತದೆ. ಈ ನಿಯಮವನ್ನು ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಹೇಳಿದ. ಅದನ್ನು ಜಗತ್ತಿಗೆ ಸಾರಿದವನು ಅದೇ ನಾಡಿನ ಲೀಬಿಗ್. ನಮ್ಮ ಗೃಹಿಣಿಯರಿಗೆ ಇದು ಹೊಸ ಮಾತಲ್ಲ. ಸಾರಿಗೆ ಉಪ್ಪು ಸಾಲದೆ ಹೋದಾಗ ಹುಣಸೆಹಣ್ಣನ್ನು ಇಮ್ಮಡಿ ಹಾಕಿದರೆ ರುಚಿ ಬಂದೀತೆ?

ತೊಗರಿ ಕೇಳುವುದು ಸ್ವಲ್ಪ

ತೊಗರಿ ದ್ವಿದಳ ಧಾನ್ಯ. ಅದರ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಹೀಗಾಗಿ ಮಳೆಯಾಶ್ರಯದ ತೊಗರಿಗೆ ನಮ್ಮ ಕಡೆ ಹೇಳುವ ಪ್ರಮಾಣ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ. ಎಕರೆಗೆ ಎಣಿಸಿದರೆ 10 ಮತ್ತು 20 ಕಿಲೋ. ಹೆಚ್ಚುಕಡಿಮೆ ಒಂದು ಚೀಲ ಡಿಎಪಿ. ಕಾಕಾ ಎಕರೆಗೆ ಒಂದು ಚೀಲ ಡಿಎಪಿ ಹಾಕಿ, ಮೇಲೆ ಎರಡು ಚೀಲ ಯೂರಿಯಾ ಎರಚಿದ್ದರು. ಕೂಡಿಸಿ ನೋಡಿದರೆ ಸಾರಜನಕ 50 ಕಿಲೋ: ಬೇಕಾದುದರ ಐದು ಪಟ್ಟು! ಗಿಡ ಕಾಯಿಯನ್ನು ಮರೆತು ಮೈ ಬೆಳೆಸಿಕೊಂಡಿತು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವಂಥದಲ್ಲ. ಕಲಬುರಗಿಯ ಎರೆಮಣ್ಣಿನಲ್ಲಿ ಸುಣ್ಣದಂಶ ಬಹಳ. ರಂಜಕ ಆ ಸುಣ್ಣದೊಡನೆ ಕಟ್ಟಿಕೊಂಡು ಬಿದ್ದಲ್ಲಿಯೇ ಉಳಿಯುತ್ತದೆ. ನೀರಿನೊಡನೆ ಇಳಿದು ಬೇರನ್ನು ಹುಡುಕಿಕೊಂಡು ಹೋಗುವುದಿಲ್ಲ. ಆದುದರಿಂದ ಡಿಎಪಿಯನ್ನು ನೆಲದ ಮೇಲೆ ಎರಚಬಾರದು. ಬಿತ್ತುವಾಗಲೇ ಕೂರಿಗೆಯಿಂದ ಬೀಜಕ್ಕಿಂತ ತುಸು ಕೆಳಗೆ, ಪಕ್ಕಕ್ಕೆ ಬೀಳುವಂತೆ ಕೊಡಬೇಕು. ಸುಣ್ಣದ ಮಣ್ಣಿನಲ್ಲಿ ಸತುವೂ ಗಿಡಕ್ಕೆ ಸುಲಭವಾಗಿ ದೊರಕುವುದಿಲ್ಲ. ಕೊರತೆಯಿದ್ದರೆ ಸತುವಿನ ಸಲ್ಫೇಟನ್ನು ಬೇರೆಯಾಗಿ ಹಾಕಬೇಕೇ ಹೊರತು ಡಿಎಪಿಯೊಡನೆ ಬೆರೆಸಬಾರದು. ಬೆರೆಸಿದರೆ ಎರಡೂ ಕೂಡಿ ಕರಗದ ವಸ್ತುವಾಗುತ್ತವೆ. ಡಿಎಪಿಯಲ್ಲಿ ಇಲ್ಲದ ಗಂಧಕವನ್ನು ಜಿಪ್ಸಮ್ಮಿನಿಂದ ತುಂಬಬಹುದು.

ಹೂವಾಡುವ ಹೊತ್ತಿನಲ್ಲಿ ಎಲೆಯ ಮೇಲೆ ಸಿಂಪಡಿಸಲೆಂದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ‘ಪಲ್ಸ್ ಮ್ಯಾಜಿಕ್’ ಎಂಬ ಮಿಶ್ರಣವನ್ನು ಸಿದ್ಧಪಡಿಸಿದೆ. ಸಾರಜನಕ, ರಂಜಕ, ಲಘು ಪೋಷಕಾಂಶಗಳ ಜೊತೆಗೆ ಬೆಳವಣಿಗೆಯ ಪ್ರಚೋದಕವೂ ಅದರಲ್ಲಿದೆ. ಲೀಟರು ನೀರಿಗೆ 10 ಗ್ರಾಂ, ಎಕರೆಗೆ 2 ಕಿಲೋ; 15 ದಿನ ಬಿಟ್ಟು ಮತ್ತೊಮ್ಮೆ. ಹೂವು ಉದುರುವುದನ್ನು ತಡೆಯುವುದು ಇದರ ಉದ್ದೇಶ. ಆದರೆ ಇದು ಬುಡದ ಗೊಬ್ಬರಕ್ಕೆ ಬದಲಿಯಲ್ಲ, ರೋಗಕ್ಕೆ ಮದ್ದೂ ಅಲ್ಲ. 2022ರ ಹಂಗಾಮಿನಲ್ಲಿ ನೆಟೆ ರೋಗ ಹಬ್ಬಿ ನಮ್ಮ ಜಿಲ್ಲೆಯ ತೊಗರಿ ನಿಂತಲ್ಲಿಯೇ ಒಣಗಿತು. ಅಂಥ ಬಾಡಿದ ಗಿಡಕ್ಕೆ ಗೊಬ್ಬರ ಸುರಿಯುವುದು ಜ್ವರದವನಿಗೆ ಹೋಳಿಗೆ ಬಡಿಸಿದಂತೆ.

ಕೆಂಪು ಬಾಳೆಯ ಹಸಿವು

ತೊಗರಿ ಮಿತಾಹಾರಿಯಾದರೆ ಬಾಳೆ ಬಕಾಸುರ. ಅದರಲ್ಲಿಯೂ ಕೆಂಪು ಬಾಳೆ ವರ್ಷ ಮೀರಿದ ಬೆಳೆ. ಬಾಳೆಗೆ ಸಾರಜನಕ ಧಾರಾಳವಾಗಿ ಬೇಕು. ಪೊಟ್ಯಾಷ್ ಅದಕ್ಕಿಂತಲೂ ಹೆಚ್ಚು ಬೇಕು. ಬಾಳೆಹಣ್ಣು ತಿನ್ನಿರಿ, ಅದರಲ್ಲಿ ಪೊಟ್ಯಾಸಿಯಂ ಇದೆ ಎನ್ನುತ್ತೇವಷ್ಟೆ. ಅದು ಆಕಾಶದಿಂದ ಬಂದುದಲ್ಲ; ಗೊನೆಗೊನೆಯಾಗಿ ಕಮಲಾಪುರದ ಮಣ್ಣಿನಿಂದ ಪೇಟೆಗೆ ಹೊರಟುಹೋದುದು. ಕಾಕಾ ಹಾಕಿದ್ದ ಎರಡು ಗೊಬ್ಬರಗಳಲ್ಲಿಯೂ ಪೊಟ್ಯಾಷಿನ ಅಂಕಿ ಸೊನ್ನೆಯಾಗಿತ್ತು. ಹಳೆಯ ಎಲೆಯ ಅಂಚು ಕರಕಾದುದು ಆ ಸೊನ್ನೆಯ ಗುರುತು. ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಹೊಸ ಎಲೆ ಕಿರಿದಾಗಿ, ಇಕ್ಕಟ್ಟಾಗಿ ಬಂದರೆ ಸತುವಿನ ಕೊರತೆಯೆಂದು ಶಂಕಿಸಬೇಕು.

ಬಾಳೆಗೆ 10:26:26ರಂಥ ಸಂಯುಕ್ತ ಗೊಬ್ಬರ ಆರಂಭಕ್ಕೆ ಒಳ್ಳೆಯದು. ಮುಂದೆ ಯೂರಿಯಾವನ್ನೂ, 0:0:60 ಎಂದು ಬರೆದಿರುವ ಪೊಟ್ಯಾಷನ್ನೂ ಹಲವು ಕಂತುಗಳಲ್ಲಿ ಬುಡದ ಸುತ್ತ ಉಂಗುರವಾಗಿ ಹಾಕಿ, ಮಣ್ಣು ಮುಚ್ಚಿ, ನೀರು ಬಿಡಬೇಕು. ಒಂದೇ ಸಲ ಸುರಿದರೆ ಕೆಂಪು ಮಣ್ಣಿನಲ್ಲಿ ಬಹುಭಾಗ ನೀರಿನೊಡನೆ ಇಳಿದುಹೋಗುತ್ತದೆ. ಲಘು ಪೋಷಕಾಂಶಗಳಿಗಾಗಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಬನಾನಾ ಸ್ಪೆಷಲ್’ ಇದೆ. ಲೀಟರಿಗೆ 5 ಗ್ರಾಂ ಬೆರೆಸಿ ಎಲೆಗೆ ಸಿಂಪಡಿಸುವುದು.

ಪೊಟ್ಯಾಷ್ ಎಂಬ ಹೆಸರು ಹುಟ್ಟಿದುದು ಮಡಕೆ ಮತ್ತು ಬೂದಿ ಎಂಬರ್ಥದ ಎರಡು ಮಾತುಗಳು ಕೂಡಿ. ಕಟ್ಟಿಗೆಯ ಒಲೆಯ ಬೂದಿಯನ್ನು ಬಾಳೆಯ ಬುಡಕ್ಕೆ ಸುರಿಯುತ್ತಿದ್ದ ಅಜ್ಜಿಯಂದಿರಿಗೆ ಹೆಸರು ತಿಳಿಯದಿದ್ದರೂ ವಸ್ತು ತಿಳಿದಿತ್ತು. ಇಂದು ಒಲೆ ಹೋಯಿತು, ಬೂದಿಯೂ ಹೋಯಿತು; ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶ ಹೊರನಾಡಿನ ಗಣಿಗಳನ್ನೇ ನೆಚ್ಚಿಕೊಂಡಿದೆ. 2010ರ ಏಪ್ರಿಲಿನಲ್ಲಿ ಬಂದ ಸಹಾಯಧನದ ನೀತಿಯು ರಂಜಕ, ಪೊಟ್ಯಾಷುಗಳಿಗೆ ಅನ್ವಯಿಸಿ, ಯೂರಿಯಾವನ್ನು ಹೊರಗಿಟ್ಟಿತು. ಯೂರಿಯಾ ಅಗ್ಗವಾಗಿಯೇ ಉಳಿಯಿತು. ರೈತನ ಕೈ ಅತ್ತಲೇ ಹೋಗುವುದು ಸಹಜ. ಆದರೆ ಅಗ್ಗದ ಚೀಲವೇ ಬೆಳೆಗೆ ಬೇಕಾದ ಚೀಲವೆಂದು ಹೇಳಲಾಗದು.

ಮಣ್ಣನ್ನೇ ಕೇಳಬೇಕು

ಹಾಗಾದರೆ ಆರಿಸುವುದು ಹೇಗೆ? ಎಲೆಯ ಬಣ್ಣ ಕೆಡುವ ಮೊದಲೇ ಮಣ್ಣನ್ನು ಕೇಳುವುದು ಲೇಸು. ಹೊಲದ ಹತ್ತಾರು ಕಡೆ, ಬದು, ಮರದ ನೆರಳು, ತಿಪ್ಪೆಯ ಜಾಗಗಳನ್ನು ಬಿಟ್ಟು, 15 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು, ಕಲಸಿ, ಅರ್ಧ ಕಿಲೋವನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ 12 ಅಂಶಗಳ ಪರೀಕ್ಷೆಯುಂಟು. ಎರೆಹೊಲಕ್ಕೊಂದು, ಕೆಂಪು ತೋಟಕ್ಕೊಂದು ಬೇರೆ ಬೇರೆ ಮಾದರಿ ಕೊಡಬೇಕು. ಚೀಟಿಯ ಕೊರತೆಗೂ ಚೀಲದ ಅಂಕಿಗೂ ತಾಳೆ ನೋಡುವುದೇ ಆಯ್ಕೆಯ ಗುಟ್ಟು. ಯಾವ ಅಂಕಿಯನ್ನೂ ಹೇಳದೆ ‘ಸಕಲ ಪೋಷಕ’ವೆಂದು ಹೊಗಳಿಕೊಳ್ಳುವ ಬಾಟಲಿಗಳನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬೇಕು. ಕೊಟ್ಟಿಗೆ ಗೊಬ್ಬರವನ್ನು ಮಾತ್ರ ಬಿಡಬಾರದು. ಮಣ್ಣಿನ ಜೀವ ಅದರಿಂದ.

ಮರುವರ್ಷ ಮುಂಗಾರಿಗೆ ಮೊದಲು ಚೀಟಿ ಬಂತು. ಎರೆಹೊಲದಲ್ಲಿ ಪೊಟ್ಯಾಷ್ ಸಾಕಷ್ಟಿತ್ತು, ಸತು ಕಡಿಮೆ. ತೋಟದಲ್ಲಿ ಪೊಟ್ಯಾಷೇ ಕಡಿಮೆ. ತಂಗಿಯ ಶುಲ್ಕವನ್ನು ನಾನು ಕಟ್ಟಿದ್ದೆ. ಆ ಸಲದ ಗೊಬ್ಬರಕ್ಕೂ ನಗದು ಕೊಟ್ಟೆ. ಓದಲು ಬಂದರೆ ಸಾಲದು, ಉದ್ರಿಯಿಲ್ಲದ ಕೈಯೂ ಬೇಕೆಂಬುದನ್ನು ಆಗ ಕಂಡುಕೊಂಡೆ. ಅಂಗಡಿಯಲ್ಲಿ ಕಾಕಾ ಚೀಟಿಯನ್ನು ಮುಂದೆ ಹಿಡಿದು, ಬೇಕಾದ ಅಂಕಿಗಳನ್ನು ತಾವೇ ಹೇಳಿ ಚೀಲ ಆರಿಸಿದರು.

ಮುಂದಿನ ಎಳ್ಳಮಾವಾಸ್ಯೆಗೆ ತೊಗರಿ ನನ್ನ ಎದೆಯ ಮಟ್ಟಕ್ಕಷ್ಟೇ ಬಂದಿತ್ತು. ಆ ವರ್ಷ ಮಳೆಯೂ ಹದವಾಗಿತ್ತು. ಎಲ್ಲವೂ ಗೊಬ್ಬರದ ಪ್ರಭಾವವೆಂದು ಹೇಳಲಾರೆ. ಆದರೆ ಕಾಕಾ ಗಿಡ ಬಗ್ಗಿಸಿ ತೋರಿಸುವ ಅಗತ್ಯವಿರಲಿಲ್ಲ; ಕಾಯಿಯ ಭಾರಕ್ಕೆ ಅದು ತಾನಾಗಿಯೇ ಬಾಗಿತ್ತು. ಚರಗ ಚೆಲ್ಲಿ ಬಂದು ಊಟಕ್ಕೆ ಕುಳಿತಾಗ ತಂಗಿ ಆ ಚೀಟಿಯನ್ನು ಬಟ್ಟೆಯ ಗಂಟಿನಿಂದ ತೆಗೆದು, ಮುಂದಿನ ಹಂಗಾಮಿನ ಲೆಕ್ಕವನ್ನು ಅಪ್ಪನಿಗೆ ಓದಿ ಹೇಳುತ್ತಿದ್ದಳು.